ಮಕ್ಕಳ ಟೈಪ್‌ರೈಟರಿನಲ್ಲಿ ಹುಟ್ಟಿದ ಪತ್ರಿಕೆ

1976ರ ಬೇಸಿಗೆಯಲ್ಲಿ ಲಂಡನ್ನಿನ ಡೆಟ್‌ಫರ್ಡ್ ಕಡೆಯ ಹುಡುಗನೊಬ್ಬ ರೆಕಾರ್ಡ್ ಅಂಗಡಿಗೆ ಹೋಗಿ, ಪಂಕ್ ಸಂಗೀತದ ಬಗ್ಗೆ ಪತ್ರಿಕೆ ಏನಾದರೂ ಬರುತ್ತದೆಯೇ ಎಂದು ಕೇಳಿದ. ಇಲ್ಲ, ಬೇಕಿದ್ದರೆ ನೀನೇ ಮಾಡಿಕೋ ಎಂದರು ಅಂಗಡಿಯವರು. ಹುಡುಗನ ಹೆಸರು ಮಾರ್ಕ್ ಪೆರಿ, ವಯಸ್ಸು 19, ಬ್ಯಾಂಕಿನಲ್ಲಿ ಗುಮಾಸ್ತ. ಆ ಜುಲೈನಲ್ಲೇ ‘ಸ್ನಿಫಿನ್ ಗ್ಲೂ’ ಹೊರಬಂತು. ನ್ಯೂಯಾರ್ಕಿನ ರಮೋನ್ಸ್ ತಂಡದ ಹಾಡೊಂದರಿಂದ ಎತ್ತಿಕೊಂಡ ಹೆಸರು ಅದು.

ಪಂಕ್ ಎಂದರೆ ಎರಡು ಎರಡೂವರೆ ನಿಮಿಷದ ಹಾಡು, ಗಿಟಾರಿನ ಮೂರೇ ಕಾರ್ಡು (ಸ್ವರಗುಚ್ಛ), ಉಸಿರು ಬಿಡಲು ಪುರಸೊತ್ತಿಲ್ಲದ ಲಯ. ಪೆರಿ ಪತ್ರಿಕೆಯನ್ನೂ ಹಾಗೇ ಕಟ್ಟಿದ. ಚಿಕ್ಕವನಿದ್ದಾಗ ಸಿಕ್ಕಿದ್ದ ಮಕ್ಕಳ ಟೈಪ್‌ರೈಟರಿನಲ್ಲಿ ಲೇಖನ ಹೊಡೆದ, ತಲೆಬರಹಗಳನ್ನು ಸ್ಕೆಚ್ ಪೆನ್ನಿನಲ್ಲಿ ಕೈಯಾರೆ ಬರೆದ. ಅಕ್ಷರ ತಪ್ಪಿದ ಕಡೆ ಗೀಟು ಹಾಕಿ ಮುಂದೆ ಹೋದ. ಗೆಳತಿ ತನ್ನ ಆಫೀಸಿನ ಯಂತ್ರದಲ್ಲಿ ಜೆರಾಕ್ಸ್ ತೆಗೆದುಕೊಟ್ಟಳು. ಮೊದಲ ಸಂಚಿಕೆ ಐವತ್ತೇ ಪ್ರತಿ. ಅದೇ ಅಂಗಡಿಯವರು ಪತ್ರಿಕೆ ಕೊಂಡು, ಇನ್ನಷ್ಟು ತೆಗೆಸು ಎಂದು ದುಡ್ಡನ್ನೂ ಮುಂಗಡ ಕೊಟ್ಟರು. ಪೆರಿ ಬ್ಯಾಂಕಿನ ಕೆಲಸ ಬಿಟ್ಟ.

ಆ ಗೀಟುಗಳೇ ನನಗೆ ಬಹಳ ಇಷ್ಟ. ಅವನ್ನು ಅಸಡ್ಡೆ ಎನ್ನಲಾರೆ. ನಮ್ಮೂರು ದಂಡಿನಶಿವರದ ಅಟ್ಟಗಳಲ್ಲಿ ತೆಂಗಿನಕಾಯಿ ಹೆಚ್ಚುಕಡಿಮೆ ವರ್ಷ ಕೂರುತ್ತದೆ. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಉರುಳಿ ಸದ್ದು ಮಾಡುವವರೆಗೆ ಅದನ್ನು ಯಾರೂ ಸುಲಿಯುವುದಿಲ್ಲ. ಈ ಪತ್ರಿಕೆಗೆ ಅಂಥ ಕಾಯುವಿಕೆ ಆಗದು. ನಿನ್ನೆ ರಾತ್ರಿ ಕೇಳಿದ ಹಾಡಿನ ಬಿಸಿ ಆರುವುದರೊಳಗೆ ಅದು ಓದುಗನ ಕೈಗೆ ಹೋಗಬೇಕು. ತಿದ್ದಿ ತೀಡಿ ಕೂತರೆ ಅಕ್ಷರ ಚೆನ್ನಾಗಿ ಕಂಡೀತು, ಬಿಸಿ ಉಳಿಯದು.

ಹಾಗೆಂದು ಇದರಲ್ಲಿ ಕಸುಬಿಲ್ಲವೇ? ಒಂದು ಸಲ ಕೂತು ಮಾಡಿ ನೋಡಬೇಕು. ನಾಲ್ಕು ಎ4 ಹಾಳೆ ಒಟ್ಟಿಗೆ ಮಡಿಸಿದರೆ 16 ಪುಟದ ಪುಸ್ತಿಕೆ. ಆದರೆ ಹಾಳೆ ಬಿಡಿಸಿದರೆ 1ನೇ ಪುಟದ ಪಕ್ಕ ಕೂತಿರುವುದು 16, ಅದರ ಬೆನ್ನಿಗೆ 2 ಮತ್ತು 15. ಅದಕ್ಕೇ ಮೊದಲು ಖಾಲಿ ಹಾಳೆ ಮಡಿಸಿ, ಪುಟಸಂಖ್ಯೆ ಬರೆದು, ಆಮೇಲೆ ಬಿಡಿಸಿ ಅಂಟಿಸಲು ಕೂರಬೇಕು. ಅಂಟಿಸಿದ ಚೂರಿನ ಅಂಚು ಜೆರಾಕ್ಸಿನಲ್ಲಿ ಕಪ್ಪು ಗೆರೆಯಾಗಿ ಬೀಳುತ್ತದೆ. ಫೋಟೊದ ಬೂದುಬಣ್ಣವೆಲ್ಲ ಹಾರಿ, ಗಾಯಕನ ಮುಖದಲ್ಲಿ ಎರಡು ಕಣ್ಣುಗುಳಿ, ಒಂದು ತೆರೆದ ಬಾಯಿ ಮಾತ್ರ ಉಳಿಯುತ್ತವೆ. ಯಂತ್ರದ ಈ ದೋಷವನ್ನೇ ಪಂಕ್ ಪತ್ರಿಕೆಗಳು ತಮ್ಮ ಚಹರೆ ಮಾಡಿಕೊಂಡವು. ತುರುವೇಕೆರೆಯ ಜೆರಾಕ್ಸ್ ಅಂಗಡಿಯಲ್ಲೂ ಇವತ್ತು ಇಷ್ಟನ್ನು ಮಾಡಬಹುದು.

ಅದೇ ಕಾಲದಲ್ಲಿ ‘ಸೈಡ್‌ಬರ್ನ್ಸ್’ ಎಂಬ ಇನ್ನೊಂದು ಪತ್ರಿಕೆ ಮೂರು ಕಾರ್ಡುಗಳ ಚಿತ್ರ ಬರೆದು, ಕೆಳಗೆ ಇನ್ನು ತಂಡ ಕಟ್ಟಿ ಎಂದು ಹೇಳಿತು. ಇದನ್ನು ಪೆರಿಯ ಲೆಕ್ಕಕ್ಕೆ ಬರೆಯುವವರು ಬಹಳ, ಸಲ್ಲಬೇಕಾದ್ದು ಸೈಡ್‌ಬರ್ನ್ಸಿಗೆ.

ಸ್ವಂತ ದುಡ್ಡು, ಸ್ವಂತ ಹಟದಿಂದ ಪತ್ರಿಕೆ ನಡೆಸುವುದು ಕನ್ನಡಕ್ಕೇನೂ ಹೊಸದಲ್ಲ. 1964ರಲ್ಲಿ ಧಾರವಾಡದಲ್ಲಿ ಸಾಹಿತಿಗಳಾದ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ತಂದರು. ಎಪ್ಪತ್ತರ ದಶಕದಲ್ಲಿ ‘ಶೂದ್ರ’ ಬಂತು. ಅದನ್ನು ತಂದ ಶ್ರೀನಿವಾಸ್ ಶೂದ್ರ ಶ್ರೀನಿವಾಸ್ ಎಂದೇ ಹೆಸರಾದರು. ಸಾಹಿತ್ಯಕ್ಕೆ ಇವರೆಲ್ಲ ಮಾಡಿದ್ದನ್ನು ಪೆರಿ ತಾನು ಕೇಳುವ ಹಾಡಿಗೆ ಮಾಡಿದ. ನಮ್ಮ ತತ್ವಪದಕಾರರಿಗೆ, ಊರಿನ ಭಜನೆ ಮೇಳಗಳಿಗೆ ಅಂಥದೊಂದು ಪತ್ರಿಕೆ ಬರಬೇಕೆಂದು ನನಗೆ ನಿಜಕ್ಕೂ ಆಸೆ.

‘ಸ್ನಿಫಿನ್ ಗ್ಲೂ’ ಸಾವಿರಗಟ್ಟಲೆ ಪ್ರತಿ ಹೋಗುತ್ತಿದ್ದಾಗಲೇ, 1977ರಲ್ಲಿ, ಪೆರಿ ಅದನ್ನು 12ನೇ ಸಂಚಿಕೆಗೆ ನಿಲ್ಲಿಸಿದ. ಆ ಕೊನೆಯ ಸಂಚಿಕೆಯ ಜೊತೆ ಬಗ್ಗಿಸಿದರೆ ಬಗ್ಗುವ ತೆಳು ಪ್ಲಾಸ್ಟಿಕ್ ರೆಕಾರ್ಡೊಂದನ್ನು ಪುಕ್ಕಟೆ ಕೊಟ್ಟ. ಅದರಲ್ಲಿ ಹಾಡಿದ್ದು ಅವನದೇ ಹೊಸ ತಂಡ, ಆಲ್ಟರ್ನೇಟಿವ್ ಟಿವಿ.