ಗಾಯಾಳುವನ್ನು ಸಾಗಿಸಿದವರಿಗೆ ಕೇಸ್ ಇಲ್ಲ

ನವಲಗುಂದದಿಂದ ಹುಬ್ಬಳ್ಳಿಯ ಕಿಮ್ಸ್‌ಗೆ 35-40 ಕಿ.ಮೀ. ದಾರಿ. ರಾತ್ರಿ ಯಾರಾದ್ರೂ ಬೈಕ್‌ನಿಂದ ಬಿದ್ದರೆ ಮೊದಲು 108ಕ್ಕೇ ಫೋನ್ ಮಾಡಬೇಕು; 2008ರಿಂದ ಈ ಆಂಬ್ಯುಲೆನ್ಸ್ ಸೇವೆ ಉಚಿತ. ಆದರೆ ಅದು ಇನ್ನೊಂದು ಹಳ್ಳಿಗೆ ಹೋಗಿದ್ದರೆ? ಆಗ ಸಿಗೋದು ಯಾರದೋ ಕಾರು, ಇಲ್ಲಾ ಗೂಡ್ಸ್ ಗಾಡಿ. ಡ್ರೈವರ್ ಹಿಂಜರಿಯೋದು ಡೀಸೆಲ್ ಖರ್ಚಿಗಲ್ಲ, ‘ನಾಳೆ ಸ್ಟೇಷನ್‌ಗೆ ಯಾರು ಅಲೀಬೇಕು?’ ಅಂತ.

ಈ ಭಯಕ್ಕೆ ಕಾನೂನಿನಲ್ಲಿ ಉತ್ತರ ಇದೆ. ನೆರವಾದವರ ರಕ್ಷಣೆಗಂತಲೇ ಕರ್ನಾಟಕದ 2016ರ ಕಾಯ್ದೆ ಇದೆ. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು: ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ, ಗಾಯಾಳು ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರೋದಿಲ್ಲ. 2020ರ ನಿಯಮಗಳ ಪ್ರಕಾರ ಹೆಸರು, ನಂಬರ್ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳೋದೂ ನಿಮ್ಮಿಷ್ಟ. ಈ ಹಕ್ಕುಗಳನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲಿ ಬರೆದು ಎದ್ದು ಕಾಣುವಂತೆ ಹಾಕಬೇಕು.

ಇನ್ನು ಡಾಕ್ಟರ್? ಮೊದಲು ಜೀವ, ಆಮೇಲೆ ಪೊಲೀಸ್ ಕಾಗದ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

108 ಬೇಗ ಬರುವ ಹಾಗಿದ್ದರೆ ಗಾಯಾಳುವನ್ನು ಅಲುಗಾಡಿಸಬೇಡಿ. ಬರೋದು ತಡ ಅಂತ ಗೊತ್ತಾದರೆ ಧೈರ್ಯವಾಗಿ ಗಾಡಿ ತೆಗೀರಿ. ಊರಿಗೆ ಹೋದಾಗ ಗೂಡ್ಸ್ ಗಾಡಿ ಓಡಿಸೋ ಗೆಳೆಯನಿಗೂ ಇಷ್ಟು ಹೇಳಿಬನ್ನಿ.