ಬಿಟ್ಟ ಚಟ ಮತ್ತೆ ಕರೆದಾಗ



ಇಂಥದೊಂದು ಪ್ರಸಂಗವನ್ನು ನಿಮ್ಮಲ್ಲಿ ಹಲವರು ಹತ್ತಿರದಿಂದ ಕಂಡಿರಬಹುದು. ಓಣಿಯ ಹಿರಿಯರೊಬ್ಬರು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರುತ್ತಾರೆ. ಒಂದು ತಿಂಗಳು ಹನಿ ಮದ್ಯವನ್ನೂ ಮುಟ್ಟುವುದಿಲ್ಲ. ಮುಖದಲ್ಲಿ ಕಳೆ ಬಂದು, "ಇನ್ನು ಆ ಕಡೆ ತಲೆ ಹಾಕುವುದಿಲ್ಲ" ಎಂದು ಮಾತು ಕೊಟ್ಟು ಊರಿಗೆ ಮರಳುತ್ತಾರೆ. ಬಸ್ಸಿನಿಂದ ಇಳಿದು ಮನೆಯತ್ತ ನಡೆಯುವಾಗ ಹಳೆಯ ಅಂಗಡಿ ಕಾಣುತ್ತದೆ, ಹಳೆಯ ಗೆಳೆಯ ಕೈ ಬೀಸುತ್ತಾನೆ, ಸಂಜೆ ಏಳು ಗಂಟೆಯಾಗುತ್ತದೆ. ವಾರ ಕಳೆಯುವುದರೊಳಗೆ ಎಲ್ಲವೂ ಮೊದಲಿನಂತೆ. ಮನೆಯವರು ಹಣೆ ಚಚ್ಚಿಕೊಳ್ಳುತ್ತಾರೆ. "ಅವನ ಮಾತಿಗೆ ಬೆಲೆಯಿಲ್ಲ" ಎಂದು ಊರು ತೀರ್ಪು ಕೊಡುತ್ತದೆ.

ಮಾತು ಕೊಟ್ಟಾಗ ಅವರು ಸುಳ್ಳು ಹೇಳಿದ್ದರೇ? ಹಾಗೆ ಹೇಳಲಾಗದು. ಹಾಗಾದರೆ ಆಸ್ಪತ್ರೆಯಲ್ಲಿ ಅಡಗಿದ್ದ ಆಸೆ ಊರಿನ ಬಸ್ ನಿಲ್ದಾಣದಲ್ಲಿ ಹೇಗೆ ಎದ್ದು ಬಂತು? ಈ ಪ್ರಶ್ನೆಗೆ ಮನೋವಿಜ್ಞಾನ ಕೊಡುವ ಉತ್ತರವನ್ನೂ, ಆ ಉತ್ತರದಿಂದ ಹುಟ್ಟಿದ ಒಂದು ಚಿಕಿತ್ಸೆಯನ್ನೂ ಇಲ್ಲಿ ಪರಿಚಯ ಮಾಡಿಕೊಳ್ಳೋಣ.

ದೇಹ ಕಲಿಯುವ ಪಾಠ

ಹುಣಸೆಹಣ್ಣನ್ನು ನೆನೆದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಹಣ್ಣು ಬಾಯಿಗೆ ಬೀಳುವ ಮೊದಲೇ ದೇಹ ಸಿದ್ಧವಾಗಿರುತ್ತದೆ. ರಷ್ಯಾದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ನಿಮಗೆ ಗೊತ್ತಿರಬಹುದು. ಆಹಾರ ಕೊಡುವ ಮೊದಲು ಪ್ರತಿ ಸಲವೂ ಒಂದು ಸದ್ದು ಮಾಡಿದರೆ, ಕೆಲವು ದಿನಗಳಲ್ಲಿ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಇದನ್ನು ಅನುಬಂಧನ ಎನ್ನುತ್ತಾರೆ.

ವ್ಯಸನದಲ್ಲಿಯೂ ನಡೆಯುವುದು ಇದೇ. ಸಾವಿರ ಸಲ ಚಹಾ ಕುಡಿದ ಕೂಡಲೇ ಸಿಗರೇಟು ಹಚ್ಚಿದವನಿಗೆ ಚಹಾದ ಲೋಟವೇ ಪ್ರಚೋದಕವಾಗುತ್ತದೆ. ಸಂಬಳದ ದಿನ, ಬೆಂಕಿಪೊಟ್ಟಣದ ಸದ್ದು, ಮನಸ್ಸಿನ ಬೇಸರ, ಒಬ್ಬ ಗೆಳೆಯನ ಮುಖ, ಇವೆಲ್ಲವೂ ಹಾಗೆಯೇ ಗಂಟುಬೀಳುತ್ತವೆ. ಆಸ್ಪತ್ರೆಯಲ್ಲಿ ಈ ಪ್ರಚೋದಕಗಳು ಇರುವುದಿಲ್ಲ, ಊರಿನಲ್ಲಿ ಇರುತ್ತವೆ.

ಲೆಕ್ಸಿಂಗ್ಟನ್‌ನಿಂದ ವಿಯೆಟ್ನಾಂವರೆಗೆ

ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಅಮೆರಿಕದ ಮನೋವೈದ್ಯ ಏಬ್ರಹಾಂ ವಿಕ್ಲರ್ ಪ್ರಮುಖರು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಆರಂಭವಾದ ಸರ್ಕಾರಿ ಆಸ್ಪತ್ರೆಯಲ್ಲಿ ಅಫೀಮಿನ ಜಾತಿಯ ಮಾದಕಗಳಿಗೆ ದಾಸರಾದವರಿಗೆ ಚಿಕಿತ್ಸೆ ನಡೆಯುತ್ತಿತ್ತು. ಮಾದಕ ಬಿಟ್ಟು ತಿಂಗಳುಗಳೇ ಕಳೆದಿದ್ದ ರೋಗಿಗಳು ಗುಂಪಿನಲ್ಲಿ ಕುಳಿತು ಅದರ ಮಾತೆತ್ತಿದಾಗ ಆಕಳಿಸತೊಡಗುತ್ತಿದ್ದರು. ಕಣ್ಣು, ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಮಾದಕವನ್ನು ಆಗತಾನೇ ನಿಲ್ಲಿಸಿದವರಲ್ಲಿ ಕಾಣುವ ಲಕ್ಷಣಗಳಿವು! ದೇಹದಲ್ಲಿ ಮಾದಕ ಇರಲಿಲ್ಲ, ಕಲಿತ ಪಾಠ ಮಾತ್ರ ಉಳಿದಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷ್ಯ ವಿಯೆಟ್ನಾಂ ಯುದ್ಧದಿಂದ ಬಂತು. 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಐವರಲ್ಲಿ ಸುಮಾರು ಒಬ್ಬರು ಅಲ್ಲಿದ್ದಾಗ ಮಾದಕಕ್ಕೆ ದಾಸರಾಗಿದ್ದರು. ಆದರೆ ಅವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಶೇಕಡಾ 5ರಷ್ಟು ಮಾತ್ರ. ಯುದ್ಧದ ಭಯ ಮುಗಿದದ್ದು, ಮಾದಕ ಸುಲಭವಾಗಿ ಸಿಗದಿದ್ದದ್ದು ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೂ ಪ್ರಚೋದಕಗಳನ್ನು ಹಿಂದೆ ಬಿಟ್ಟು ಬಂದದ್ದು ಒಂದು ಮುಖ್ಯ ಕಾರಣವೆಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ನಮ್ಮ ಓಣಿಯ ಹಿರಿಯರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರು ಕುಡಿಯಲು ಕಲಿತ ಜಾಗಕ್ಕೇ ಮರಳಬೇಕು.

ಎದುರಿಸಿ ಮಣಿಸುವ ಬಗೆ

ಪಾವ್ಲೋವ್ ಇನ್ನೊಂದು ಸಂಗತಿಯನ್ನೂ ಕಂಡಿದ್ದರು. ಆಹಾರ ಕೊಡದೆ ಬರೀ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ಕ್ರಮೇಣ ಕಡಿಮೆಯಾಗಿ ನಿಂತುಹೋಗುತ್ತದೆ. ಎಕ್ಸ್‌ಪೋಷರ್ ಥೆರಪಿ, ಅಂದರೆ ಪ್ರಚೋದಕಕ್ಕೆ ಒಡ್ಡುವ ಚಿಕಿತ್ಸೆ, ಈ ತತ್ತ್ವವನ್ನೇ ಆಧರಿಸಿದೆ. ಇದು ಮೊದಲು ಬೆಳೆದದ್ದು ಭಯದ ಚಿಕಿತ್ಸೆಯಾಗಿ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ, ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಬಾಲಕನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ಹಂತಹಂತವಾಗಿ ಹತ್ತಿರ ತಂದು ಭಯ ಬಿಡಿಸಿದರು. ಮುಂದೆ ಇದೇ ಮಾರ್ಗವನ್ನು ವ್ಯಸನಕ್ಕೂ ಅನ್ವಯಿಸಲಾಯಿತು.

ಇದನ್ನು ಮಾಡುವುದು ಹೇಗೆ? ಮೊದಲು ಚಿಕಿತ್ಸಕರು ರೋಗಿಯೊಡನೆ ಕುಳಿತು ಆತನ ಪ್ರಚೋದಕಗಳ ಪಟ್ಟಿ ಮಾಡುತ್ತಾರೆ. ಯಾವುದು ಎಷ್ಟು ಆಸೆ ಹುಟ್ಟಿಸುತ್ತದೆ ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುತ್ತಾರೆ. ನಂತರ ಸೌಮ್ಯವಾದದ್ದರಿಂದ ಆರಂಭ: ಮೊದಲು ಕಲ್ಪನೆ, ಚಿತ್ರ, ಆಮೇಲೆ ಖಾಲಿ ಲೋಟ, ಆಮೇಲೆ ಇಷ್ಟದ ಪಾನೀಯದ ವಾಸನೆ. ರೋಗಿ ಅದನ್ನು ನೋಡುತ್ತಾನೆ, ಮೂಸುತ್ತಾನೆ, ಕುಡಿಯುವುದಿಲ್ಲ. ಕೆಲವು ನಿಮಿಷಕ್ಕೊಮ್ಮೆ ತನ್ನ ಆಸೆಗೆ ಅಂಕ ಹೇಳುತ್ತಾನೆ. ಮೂರಿದ್ದದ್ದು ಏಳಕ್ಕೇರುತ್ತದೆ. ಇನ್ನು ತಡೆಯಲಾರೆ ಎನ್ನಿಸುತ್ತದೆ. ಆದರೂ ಕಾದು ಕುಳಿತರೆ ಅದು ಐದಕ್ಕೆ, ಎರಡಕ್ಕೆ ಇಳಿಯುತ್ತದೆ. ಆಸೆ ಇಳಿಯುವವರೆಗೂ ಚಿಕಿತ್ಸಕರು ಜೊತೆಯಲ್ಲೇ ಇರುತ್ತಾರೆ.

ರೋಗಿ ಇಲ್ಲಿ ಕಲಿಯುವ ದೊಡ್ಡ ಪಾಠವೆಂದರೆ, ಆಸೆ ಒಂದು ಅಲೆ. ಏರಿದ್ದು ಇಳಿದೇ ಇಳಿಯುತ್ತದೆ. ಅದುವರೆಗೆ ಕುಡಿದು ಮಾತ್ರವೇ ಅದನ್ನು ಇಳಿಸಿದ್ದವನಿಗೆ ಇದು ಹೊಸ ಅನುಭವ.

ಮಿತಿಗಳನ್ನೂ ಅರಿಯೋಣ

ಹಾಗೆಂದು ಇದು ರಾಮಬಾಣವಲ್ಲ. ಹಳೆಯ ಪಾಠ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂರುತ್ತದೆ ಎಂಬುದನ್ನು ಮಾರ್ಕ್ ಬೌಟನ್ ಮೊದಲಾದವರ ಸಂಶೋಧನೆಗಳು ತೋರಿಸಿವೆ. ಈ ಹೊಸ ಪಾಠ ಕಲಿತ ಜಾಗಕ್ಕೆ ಅಂಟಿಕೊಳ್ಳುವುದು ಹೆಚ್ಚು. ಆಸ್ಪತ್ರೆಯ ಕೋಣೆಯಲ್ಲಿ ಮಣಿದ ಆಸೆ ಅಂಗಡಿಯ ಮುಂದೆ ಮತ್ತೆ ತಲೆಯೆತ್ತಬಹುದು. ಅಲ್ಲಿಯವರೆಗಿನ ಅಧ್ಯಯನಗಳನ್ನು 2002ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಂಕ್ಲಿನ್ ಮತ್ತು ಟಿಫನಿ, ಈ ಚಿಕಿತ್ಸೆ ಫಲಕಾರಿ ಎನ್ನಲು ಸ್ಥಿರವಾದ ಆಧಾರ ಸಿಗಲಿಲ್ಲವೆಂದು ವರದಿ ಮಾಡಿದರು. ಬೇರೆ ಬೇರೆ ಸ್ಥಳಗಳಲ್ಲಿ ಅಭ್ಯಾಸ ಮಾಡಿಸಬೇಕೆಂಬ ಸಲಹೆ ಬಂದದ್ದು ಹೀಗೆ. 2012ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ಹೊಸ ಆಸೆ ಮೂಡಿಸಿತು. ಮೊದಲು ಚಿಕ್ಕ ವೀಡಿಯೊ ತೋರಿಸಿ ಹಳೆಯ ನೆನಪನ್ನು ಕೆದಕಿ, ಹತ್ತು ನಿಮಿಷ ಬಿಟ್ಟು ಈ ಚಿಕಿತ್ಸೆ ಕೊಟ್ಟಾಗ, ಹೆರಾಯಿನ್ ಬಿಟ್ಟವರಲ್ಲಿ ಆಸೆಯ ಇಳಿಕೆ ಆರು ತಿಂಗಳವರೆಗೂ ಉಳಿಯಿತು.

ಆದುದರಿಂದ ಈ ಚಿಕಿತ್ಸೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ವೈದ್ಯರು ಕೊಡುವ ಔಷಧಿ, "ಬೇಡ" ಎನ್ನುವ ಅಭ್ಯಾಸ, ಸಂಜೆಗೆ ಬೇರೊಂದು ಕೆಲಸ, ಕುಟುಂಬದ ಬೆಂಬಲ, ಇವುಗಳ ನಡುವೆ ಇದಕ್ಕೊಂದು ಸ್ಥಾನವಿದೆ.

ನೆನಪಿಡಬೇಕಾದ ಮೂರು ಮಾತು

ಒಂದು: ಇದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ. "ನೋಡೋಣ, ತಡೆದುಕೊಳ್ಳುತ್ತಾರೇನೋ" ಎಂದು ಬಿಟ್ಟವರ ಮುಂದೆ ಬಾಟಲಿ ಇಡುವುದು ಚಿಕಿತ್ಸೆಯಲ್ಲ, ಅಪಾಯ.

ಎರಡು: ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ನಿಲ್ಲಿಸುವುದು ವೈದ್ಯರ ನಿಗಾದಲ್ಲಿ ಆಗಬೇಕು.

ಮೂರು: ಬಿಟ್ಟು ಕೆಲಕಾಲವಾದವರ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೆರಾಯಿನ್‌ನಂಥ ಮಾದಕವನ್ನು ಮೊದಲಿನಷ್ಟೇ ತೆಗೆದುಕೊಂಡು ಸತ್ತವರಿದ್ದಾರೆ. ಜಾರಿದವರನ್ನು ಬೈದು ಹೊರಗಟ್ಟದೆ ಕೂಡಲೇ ಚಿಕಿತ್ಸೆಗೆ ಕರೆದೊಯ್ಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಿಮ್ಮ ಮನೆಯಲ್ಲಿಯೇ ಯಾರಾದರೂ ಬಿಟ್ಟ ಚಟಕ್ಕೆ ಮತ್ತೆ ಬಿದ್ದಿದ್ದರೆ, ಅದು ನಿಮ್ಮ ಮೇಲಿನ ಪ್ರೀತಿ ಕಡಿಮೆಯಾದುದರ ಗುರುತಲ್ಲ. ಅದು ನಿಮ್ಮ ತಪ್ಪೂ ಅಲ್ಲ. ಕಲಿತದ್ದನ್ನು ಮೀರಿ ಹೊಸದನ್ನು ಕಲಿಯಲು ಅವರಿಗೆ ಇನ್ನಷ್ಟು ಕಾಲ, ಇನ್ನಷ್ಟು ನೆರವು ಬೇಕಾಗಿದೆ.

ಯೋಚಿಸಿ ನೋಡಿ

1. ನಿಮ್ಮ ಯಾವುದಾದರೂ ಒಂದು ಅಭ್ಯಾಸವನ್ನು ಎಬ್ಬಿಸುವ ಪ್ರಚೋದಕಗಳು ಯಾವುವು?

2. ಆಸ್ಪತ್ರೆಯಿಂದ ಮರಳಿದವರ ಸಂಜೆಯ ಹೊತ್ತನ್ನು ತುಂಬಲು ಒಂದು ಊರು ಏನೇನು ಮಾಡಬಹುದು?

3. "ಮನಸ್ಸು ಗಟ್ಟಿಯಿದ್ದರೆ ಸಾಕು" ಎಂಬ ಮಾತಿಗೆ ಈಗ ನೀವು ಏನು ಹೇಳುತ್ತೀರಿ?