ಎಂಬತ್ತೈದು ಸಾವಿರದ ಕೋರ್ಸು, ಒಂದು ರೈಟ್ ಕ್ಲಿಕ್ಕು

ಬೆಳಗಿನ ಬುಲೆಟಿನ್ ಇದ್ದ ದಿನ ನಾಲ್ಕೂವರೆಗೆಲ್ಲ ಮನೆ ಮುಂದೆ ಕ್ಯಾಬ್ ಬಂದು ನಿಂತಿರುತ್ತೆ. ಓಡಿಸೋರು ಮಾಗಡಿ ಕಡೆಯವರು. ಸ್ವಂತ ಗಾಡಿ, ನಮ್ಮ ಚಾನೆಲ್ಲಿಗೆ ಅಟ್ಯಾಚ್ ಮಾಡಿದ್ದಾರೆ. ಸಾಮಾನ್ಯವಾಗಿ ಆ ಹೊತ್ತಲ್ಲಿ ಇಬ್ಬರೂ ಮಾತಾಡಲ್ಲ. ಅವತ್ತು ಸುಮ್ಮನಹಳ್ಳಿ ಹತ್ತಿರ ಬಂದಾಗ ಅವರೇ ಶುರು ಮಾಡಿದರು.

"ಸಾರ್, ಒಂದ್ ಮಾತು ಕೇಳ್ಲಾ? ಮಗ ಬಿಸಿಎ ಮುಗಿಸ್ದ. ವೆಬ್ ಡೆವಲಪರ್ ಕೋರ್ಸ್ ಮಾಡ್ತೀನಿ ಅಂತಾನೆ. ಎಂಬತ್ತೈದು ಸಾವಿರ ಅಂತೆ. ಆರ್ ತಿಂಗ್ಳು. ಮುಗೀತಿದ್ದಂಗೆ ಕೆಲ್ಸ ಗ್ಯಾರಂಟಿ ಅಂತೆ. ಶನಿವಾರದೊಳ್ಗೆ ಸೈನ್ ಹಾಕ್ಬೇಕು. ಹಾಕ್ಲಾ ಸಾರ್?"

ನಾನು ದಿನಾ ಸಂಜೆ ಕೂತು ದೇಶದ ಆರ್ಥಿಕತೆ ಬಗ್ಗೆ, ಯುದ್ಧದ ಬಗ್ಗೆ, ಮೀಸಲಾತಿ ಬಗ್ಗೆ ಒಂದು ಗಂಟೆ ನಿಲ್ಲಿಸದೆ ಮಾತಾಡೋನು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಶನಿವಾರ ತನಕ ಟೈಮ್ ಕೊಡಿ ಅಣ್ಣಾ" ಅಂದೆ.

ಬುಲೆಟಿನ್ ಮುಗಿಸಿ ಸೀದಾ ಎರಡನೇ ಮಹಡಿಯ ವೆಬ್ ಡೆಸ್ಕಿಗೆ ಹೋದೆ. ಅಲ್ಲಿ ನಮ್ಮ ವೆಬ್‌ಸೈಟ್ ನೋಡಿಕೊಳ್ಳೋ ಹೆಣ್ಣುಮಗಳೊಬ್ಬಳಿದ್ದಾಳೆ, ಗದಗ ಕಡೆಯವಳು. ಇಷ್ಟು ದಿನ ನಾನು ಅವಳನ್ನ ಮಾತಾಡಿಸಿದ್ದು ನನ್ನ ಫೋಟೋ ಸರಿ ಬಂದಿಲ್ಲ ಅಂತ ಬೈಯೋದಕ್ಕೆ ಮಾತ್ರ. ಅವತ್ತು ಸ್ಟೂಲ್ ಎಳ್ಕೊಂಡು ಪಾಠಕ್ಕೆ ಕೂತೆ.

ನನಗೆ ಅರ್ಥವಾದದ್ದನ್ನ ನನ್ನ ಭಾಷೆಯಲ್ಲೇ ಹೇಳ್ತೀನಿ. ನೀವು ಟಿವಿಯಲ್ಲಿ ನನ್ನನ್ನ ನೋಡ್ತೀರಲ್ಲ, ಅದನ್ನೇ ತಗೊಳ್ಳಿ. ನನ್ನ ಕೈಲಿರೋ ಸ್ಕ್ರಿಪ್ಟ್ ಇದೆಯಲ್ಲ, ಯಾವುದು ಹೆಡ್‌ಲೈನು, ಯಾವುದು ವಿವರ, ಎಲ್ಲಿ ಫೋಟೋ ಬರಬೇಕು ಅನ್ನೋದು, ವೆಬ್ ಪುಟದಲ್ಲಿ ಆ ಕೆಲಸ ಎಚ್‌ಟಿಎಂಎಲ್‌ದು. ನನ್ನ ಮೇಕಪ್ಪು, ಕೋಟು, ಹಿಂದಿನ ಸೆಟ್ಟು, ಲೈಟು, ಇವು ಸಿಎಸ್‌ಎಸ್. ಕೌಂಟಿಂಗ್ ದಿನ ಪರದೆ ಮೇಲೆ ನಂಬರ್‌ಗಳು ಕುಣಿಯುತ್ತವಲ್ಲ, ಮುಟ್ಟಿದರೆ ತೆರೆದುಕೊಳ್ಳುತ್ತವಲ್ಲ, ಅದು ಜಾವಾಸ್ಕ್ರಿಪ್ಟ್. ಈ ಮೂರೂ ಸೇರಿದರೆ ಫ್ರಂಟ್ ಎಂಡ್. ಆದರೆ ಆ ನಂಬರ್‌ಗಳು ಎಲ್ಲಿಂದ ಬರುತ್ತವೆ? ನಿಮಗೆ ಕಾಣದ ಪಿಸಿಆರ್ ರೂಮಿಂದ, ಸರ್ವರ್‌ನಿಂದ. ಅದು ಬ್ಯಾಕ್ ಎಂಡ್. ಎರಡೂ ಕಡೆ ಓಡಾಡಬಲ್ಲವನಿಗೆ ಫುಲ್ ಸ್ಟಾಕ್ ಅಂತ ಹೆಸರು.

ಡಿಸೈನರ್ ಇದಕ್ಕೆಲ್ಲ ಮುಂಚೆ ಬರೋನು. ಅಲ್ಲೂ ಎರಡು ಮಾತು ಬಳಸ್ತಾರೆ, ಯುಐ ಮತ್ತು ಯುಎಕ್ಸ್. ನೀವು ಯಾವುದೋ ಸ್ಕಾಲರ್‌ಶಿಪ್ ಅರ್ಜಿ ತುಂಬ್ತಾ ಇದ್ದೀರಿ ಅಂದುಕೊಳ್ಳಿ. ಅಪ್ಪನ ಹೆಸರು, ಜಾತಿ ಪ್ರಮಾಣಪತ್ರದ ನಂಬರು, ಬ್ಯಾಂಕ್ ಖಾತೆ, ಎಲ್ಲ ತುಂಬಿ ಕೊನೆಗೆ ಸಬ್ಮಿಟ್ ಒತ್ತಿದರೆ ಫೋಟೋ ಸೈಜ್ ಜಾಸ್ತಿ ಅಂತ ಹೇಳಿ ತುಂಬಿದ್ದೆಲ್ಲ ಮಾಯ. ಆ ಪುಟದ ಬಣ್ಣ, ಬಟನ್ನು ಚೆನ್ನಾಗೇ ಇತ್ತು. ಅದು ಯುಐ. ನಿಮಗೆ ಕಂಪ್ಯೂಟರಿಗೆ ಹೊಡೆಯೋಣ ಅನ್ನಿಸಿತಲ್ಲ, ಅದು ಯುಎಕ್ಸ್.

"ಇಷ್ಟೆಲ್ಲ ಎಲ್ಲಿ ಕಲಿತೆಯಮ್ಮಾ?" ಅಂತ ಕೇಳಿದೆ.

"ನಾ ಯಾವ ಕೋರ್ಸಿಗೂ ಹೋಗಿಲ್ರಿ ಸರ್. ಇಲ್ಲಿ ನೋಡ್ರಿ" ಅಂದವಳೇ ನಮ್ಮದೇ ವೆಬ್‌ಸೈಟ್ ತೆರೆದು, ಮೌಸಿನ ಬಲಗಡೆ ಗುಂಡಿ ಒತ್ತಿ, ವ್ಯೂ ಪೇಜ್ ಸೋರ್ಸ್ ಅಂತ ಕ್ಲಿಕ್ ಮಾಡಿದಳು. ಪರದೆ ತುಂಬ ಇರುವೆ ಸಾಲಿನ ಹಾಗೆ ಕೋಡು. "ಬ್ರೌಸರಿಗೆ ಬರೋ ಕೋಡ್ ಎಲ್ಲಾ ಹಿಂಗ ಕಾಣ್ತದರಿ. ಯಾವ ಸೈಟ್ ಇದ್ರೂ. ಇದಕ್ಕ ಯಾರೂ ರೊಕ್ಕ ಕೇಳಂಗಿಲ್ಲ."

ನೋಡಿ, ನನಗೆ ಹೊಸದಾಗಿ ಹೊಳೆದದ್ದು ಇಲ್ಲೇ. ಹೋಟೆಲಿನವನು ತನ್ನ ಸಾಂಬಾರಿನ ಪುಡಿ ಗುಟ್ಟು ಹೇಳಲ್ಲ. ವೆಬ್‌ನಲ್ಲಿ ಮಾತ್ರ ಬಡಿಸಿದವನೇ ರೆಸಿಪಿಯನ್ನೂ ತಟ್ಟೆ ಕೆಳಗೆ ಇಟ್ಟು ಕಳಿಸ್ತಾನೆ. ಬ್ಯಾಕ್ ಎಂಡ್ ಕಾಣಲ್ಲ ನಿಜ, ಆದರೆ ಕಲಿಯೋ ಹುಡುಗನಿಗೆ ಮೊದಲ ವರ್ಷಕ್ಕೆ ಇಷ್ಟು ಸಾಕು. ಇದು ಆಕಸ್ಮಿಕವೂ ಅಲ್ಲ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಅನ್ನೋರು 1989ರಲ್ಲಿ ವೆಬ್‌ನ ಯೋಜನೆ ಬರೆದುಕೊಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಇದನ್ನ ಯಾರು ಬೇಕಾದರೂ ಬಳಸಿ, ಕಾಸು ಬೇಡ ಅಂತ ಜಗತ್ತಿಗೆ ಬಿಟ್ಟುಕೊಟ್ಟಿತು. ಅವತ್ತು ಅವರು ರಾಯಲ್ಟಿ ಕೇಳಿದ್ದರೆ ಗದಗದ ಹುಡುಗಿ ಎಲ್ಲಿರ್ತಿದ್ದಳೋ. ಅಂದ ಹಾಗೆ ಜಾವಾಸ್ಕ್ರಿಪ್ಟ್ ಅಂತ ನಮ್ಮ ಮಕ್ಕಳು ವರ್ಷಗಟ್ಟಲೆ ತಲೆ ಕೆಡಿಸ್ಕೊಳ್ತಾರಲ್ಲ, ಅದರ ಮೊದಲ ರೂಪವನ್ನ ಬ್ರೆಂಡನ್ ಐಕ್ ಅನ್ನೋನು 1995ರಲ್ಲಿ ನೆಟ್‌ಸ್ಕೇಪ್ ಕಂಪನೀಲಿ ಕೂತು ಹತ್ತೇ ದಿನದಲ್ಲಿ ಬರೆದು ಮುಗಿಸಿದ್ದ. ಅವಸರದಲ್ಲಿ ಮಾಡಿದ ಎಡವಟ್ಟುಗಳು ಕೆಲವು ಇವತ್ತಿಗೂ ಹಾಗೇ ಇವೆಯಂತೆ.

ಪಾಠಗಳೂ ಅಷ್ಟೇ, ಬಿಟ್ಟಿ. ಫ್ರೀಕೋಡ್‌ಕ್ಯಾಂಪ್ ಅಂತ 2014ರಿಂದ ನಡೀತಿರೋ ಲಾಭರಹಿತ ಸಂಸ್ಥೆಯೊಂದಿದೆ, ಮೊದಲಿನಿಂದ ಕೊನೆವರೆಗೂ ಪೈಸೆ ಕೇಳಲ್ಲ. ದಿ ಓಡಿನ್ ಪ್ರಾಜೆಕ್ಟ್ ಅನ್ನೋದೂ ಹಾಗೇ. ಸಂದೇಹ ಬಂದಾಗ ನಿಘಂಟಿನ ಹಾಗೆ ತೆರೆದು ನೋಡೋಕೆ ಎಂಡಿಎನ್ ಇದೆ, ದೊಡ್ಡ ಕಂಪನಿಯ ಎಂಜಿನಿಯರುಗಳೂ ನೋಡೋದು ಅದನ್ನೇ. ಇಂಗ್ಲಿಷ್ ಭಯ ಇರೋರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡಕ್ಕೆ ಡಬ್ ಮಾಡಿದ ಪಾಠಗಳೂ ಸಿಗುತ್ತವೆ. ಸರ್ಟಿಫಿಕೇಟು ಬೇಕೇ ಬೇಕು ಅಂದರೆ ಎನ್‌ಪಿಟಿಇಎಲ್ ಇದೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಸುಮಾರು ಸಾವಿರ ರೂಪಾಯಿ. ಡಿಸೈನಿಗೆ ಫಿಗ್ಮಾ ಅನ್ನೋ ಸಾಫ್ಟ್‌ವೇರು. ಇದನ್ನ ಕೊಂಡುಕೊಳ್ಳೋಕೆ ಅಡೋಬಿ ಕಂಪನಿ 2022ರಲ್ಲಿ 20 ಬಿಲಿಯನ್ ಡಾಲರ್ ಕೊಡ್ತೀನಿ ಅಂತ ಬಂದು, ಯುರೋಪಿನ ನಿಯಂತ್ರಕರು ಅಡ್ಡ ಬಂದಿದ್ದಕ್ಕೆ 2023ರ ಡಿಸೆಂಬರಲ್ಲಿ ಕೈಬಿಟ್ಟಿತು. ಅಷ್ಟು ಬೆಲೆಬಾಳೋ ಸಾಮಾನು ಕಲಿಯೋರಿಗೆ ಸೊನ್ನೆ ರೂಪಾಯಿಗೆ ಸಿಗುತ್ತೆ. ಡಿಸೈನನ್ನೇ ಡಿಗ್ರಿಯಾಗಿ ಓದಬೇಕು ಅನ್ನೋರ ದಾರಿ ಬೇರೆ. ಪಿಯುಸಿ ಆದ ಮೇಲೆ ಯುಸೀಡ್, ಡಿಗ್ರಿ ಆದ ಮೇಲೆ ಸೀಡ್ ಪರೀಕ್ಷೆ ಬರೀಬೇಕು. ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲೇ ಎಂ.ಡಿಸೈನ್ ಇದೆ, ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ.

ಹಾಗಾದರೆ ದುಡ್ಡು ಕೊಟ್ಟು ಕಲಿಯೋರೆಲ್ಲ ಪೆದ್ದರಾ? ನಾನು ಹಾಗೆ ಹೇಳಲ್ಲ. ಒಬ್ಬನೇ ಕೂತು ಕಲಿಯೋದು ಎಲ್ಲರ ಕೈಲೂ ಆಗಲ್ಲ. ಎರಡನೇ ವಾರಕ್ಕೆ ಸಿಕ್ಕಿಹಾಕ್ಕೊಂಡಾಗ ತಪ್ಪು ತೋರಿಸೋರು ಒಬ್ಬರು ಬೇಕು, ಬೆಳಗ್ಗೆ ಎಬ್ಬಿಸೋ ಟೈಮ್‌ಟೇಬಲ್ಲು ಬೇಕು. ಅಂಥ ಒಳ್ಳೇ ಮೇಷ್ಟ್ರುಗಳಿರೋ ಸಣ್ಣ ಸಣ್ಣ ಕ್ಲಾಸುಗಳು ಈ ಊರಲ್ಲಿ ಇವೆ. ನನ್ನ ತಕರಾರು ಇರೋದು ಆ ಶನಿವಾರದ ಸಹಿ ಬಗ್ಗೆ.

ಮಾರನೇ ದಿನ ಡ್ರೈವರಣ್ಣ ಕಾಗದ ತಂದುಕೊಟ್ಟರು. ಓದಿದೆ. ಮೇಲೆ ಕಂತು ಅಂತಿತ್ತು, ತಿಂಗಳಿಗೆ ಏಳು ಸಾವಿರ ಚಿಲ್ಲರೆ, ಹನ್ನೆರಡು ಕಂತು. ಮೂರನೇ ಪುಟದಲ್ಲಿ ನೋಡಿದರೆ ಅದು ಫೀಸಿನ ಕಂತೇ ಅಲ್ಲ ಸ್ವಾಮಿ, ಒಂದು ಫೈನಾನ್ಸ್ ಕಂಪನಿಯ ಸಾಲ. ಹುಡುಗನಿಗೆ ಸಂಬಳ ಇಲ್ಲವಲ್ಲ, ಹಾಗಾಗಿ ಸಾಲಗಾರ ಅಪ್ಪ. ಕೋರ್ಸಿನೋರು ಪೂರ್ತಿ ದುಡ್ಡನ್ನ ಮೊದಲ ದಿನವೇ ಎತ್ಕೊಳ್ತಾರೆ. ಮಗ ಎರಡು ತಿಂಗಳಿಗೆ ಬಿಟ್ಟರೂ, ಕ್ಲಾಸೇ ಮುಚ್ಚಿ ಹೋದರೂ ಕಂತು ಮಾತ್ರ ಅಪ್ಪ ಕಟ್ಟಬೇಕು. ಕಟ್ಟದೇ ಹೋದರೆ ಸಿಬಿಲ್ ಸ್ಕೋರ್ ಬೀಳುತ್ತೆ. ಈ ಮನುಷ್ಯನ ಕಾರಿನ ಸಾಲ ಇನ್ನೂ ಎರಡು ವರ್ಷ ಇದೆ, ಅದು ಮುಗಿದ ಮೇಲೆ ಹೊಸ ಗಾಡಿ ತಗೋಬೇಕು. ಸಿಬಿಲ್ ಕೆಟ್ಟರೆ ಆ ಸಾಲ ಯಾರು ಕೊಡ್ತಾರೆ? ಮಗನ ಕೆಲಸಕ್ಕೆ ಅಂತ ಹಾಕೋ ಸಹಿ ಅಪ್ಪನ ಕೆಲಸಕ್ಕೇ ಕುತ್ತು ತರೋ ಹಾಗಿತ್ತು.

ಇನ್ನು ಗ್ಯಾರಂಟಿ. ನೂರಕ್ಕೆ ತೊಂಬತ್ತು ಹಾಜರಾತಿ ಇರಬೇಕು, ಎಲ್ಲ ಟೆಸ್ಟಲ್ಲೂ ಪಾಸಾಗಿರಬೇಕು, ಅವರು ಕಳಿಸಿದ ಕಡೆಗೆಲ್ಲ ಇಂಟರ್‌ವ್ಯೂಗೆ ಹೋಗಿರಬೇಕು, ಆಮೇಲೂ ಕೆಲಸ ಸಿಗದಿದ್ದರೆ "ನೆರವು ಮುಂದುವರಿಸಲಾಗುವುದು". ದುಡ್ಡು ವಾಪಸ್ ಅನ್ನೋ ಪದ ಹುಡುಕಿದೆ, ಇರಲಿಲ್ಲ. ಈಗಾಗಲೇ ಆನ್‌ಲೈನಲ್ಲಿ ಇಂಥ ಸಾಲಕ್ಕೆ ಒಪ್ಪಿಗೆ ಕೊಟ್ಟಿರೋರಿಗೆ ಒಂದು ಮಾತು. ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಇರಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಕೆಲವೇ ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಸಾಲದಿಂದ ಹೊರಗೆ ಬರಬಹುದು, ಮುಂಚೆ ತೀರಿಸಿದ್ದಕ್ಕೆ ದಂಡ ಹಾಕೋ ಹಾಗಿಲ್ಲ. ಎಷ್ಟು ದಿನ ಅನ್ನೋದು ಸಾಲದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಕಾಗದದಲ್ಲಿ ಬರೆದಿರುತ್ತೆ. ಕೇಳಿ ಇಸ್ಕೊಳ್ಳಿ.

ಇನ್ನೊಂದು ಜಾಲ ಇದೆ, ಇದು ಬೆಂಗಳೂರಿನ ಪಿಜಿಗಳಲ್ಲಿ ಎಲ್ಲರಿಗೂ ಗೊತ್ತಿರೋ ಗುಟ್ಟು. ಫ್ರೆಷರ್‌ಗೆ ಕೆಲಸ ಸಿಗಲ್ಲ ಕಣೋ, ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಡ್ತೀವಿ ಬಾ ಅಂತ ಕರೆಯೋರು. ಈಗ ಕಂಪನಿಗಳು ಲೆಟರ್ ನೋಡಿ ಸುಮ್ಮನಾಗಲ್ಲ, ಪಿಎಫ್‌ನ ಯುಎಎನ್ ನಂಬರ್ ಕೇಳ್ತವೆ. ನೀವು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕೆಲಸ ಮಾಡಿದಿರಿ ಅನ್ನೋದು ಅದರಲ್ಲಿ ಕೂತಿರುತ್ತೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಮನೆಗೆ ಹೋದ ಹುಡುಗರನ್ನ ನಮ್ಮ ವೆಬ್ ಡೆಸ್ಕಿನ ಹುಡುಗಿಯೇ ಕಂಡಿದ್ದಾಳೆ.

ಫ್ರೆಷರ್‌ಗಳಿಗೆ ಕಾಲ ಕಷ್ಟ ಅನ್ನೋದು ಸುಳ್ಳಲ್ಲ. 2021ರಲ್ಲಿ ಕೈಬೀಸಿ ಕರೆದ ಉದ್ಯಮ ಎರಡೇ ವರ್ಷದಲ್ಲಿ ಆಫರ್ ಲೆಟರ್ ಕೊಟ್ಟೋರನ್ನೂ ಬಾಗಿಲ ಹೊರಗೆ ಕಾಯಿಸಿತು. ಅದರ ಮೇಲೆ 2022ರ ನವೆಂಬರಲ್ಲಿ ಚಾಟ್‌ಜಿಪಿಟಿ ಬಂತು. ಒಂದು ಸಾಧಾರಣ ವೆಬ್ ಪುಟವನ್ನ ಅದು ಒಂದು ನಿಮಿಷದಲ್ಲಿ ಬರೆದುಕೊಡುತ್ತೆ. ಹಾಗಿದ್ದ ಮೇಲೆ ಬರೀ ಪುಟ ಬರೆಯೋದು ಮಾತ್ರ ಗೊತ್ತಿರೋನಿಗೆ ಯಾರು ಸಂಬಳ ಕೊಡ್ತಾರೆ? ಇದನ್ನೇ ಕೇಳಿದೆ. ಅವಳು ನಕ್ಕಳು. "ಅದು ಬರದಿದ್ದು ಎಲ್ಲಿ ಮುರೀತದ ಅಂತ ಹುಡುಕಲಿಕ್ಕ ನಾವು ಬೇಕಲ್ರಿ ಸರ್" ಅಂದಳು. ಹುಡುಕಬೇಕು ಅಂದರೆ ಬುಡ ಗೊತ್ತಿರಬೇಕು. ಅದಕ್ಕೇ ಮೊದಲ ಆರು ತಿಂಗಳು ಎಐಗೆ ಕೈಮುಗಿದು ಪಕ್ಕಕ್ಕಿಟ್ಟು ಕೈಯಾರೆ ಬರೆದು ಕಲಿಯಿರಿ ಅನ್ನೋದು ಅವಳ ಮಾತು. ನನಗೂ ಸರಿ ಅನ್ನಿಸ್ತು.

ಆಮೇಲೆ ಅವಳು ತೋರಿಸಿದ ಒಂದು ವಿಷಯ ನನ್ನ ತಲೆಯಿಂದ ಹೋಗೇ ಇಲ್ಲ. ಮೊಬೈಲಲ್ಲಿ ಯಾವುದೋ ಕನ್ನಡ ಪುಟ ತೆರೆದಳು. 'ರಾಷ್ಟ್ರ' ಅಂತ ಹೆಡ್ಡಿಂಗು. ಒತ್ತಕ್ಷರ ಅರ್ಧಕ್ಕೇ ಕಟ್ ಆಗಿತ್ತು. ಯಾಕೆ ಗೊತ್ತಾ? ಪುಟ ಮಾಡಿದೋರು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಸಾಲಿನ ಎತ್ತರ ಇಟ್ಟಿದ್ದರು. ಇಂಗ್ಲಿಷಿಗೆ ಒತ್ತು ಎಲ್ಲಿದೆ? ನಮ್ಮಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತೆ, ಜಾಗ ಬೇಕು. ಸಿಎಸ್‌ಎಸ್‌ನಲ್ಲಿ ಒಂದೇ ಒಂದು ಸಾಲು ಬದಲಿಸಿದರೆ ಮುಗೀತು. ಆದರೆ ತಪ್ಪಾಗಿದೆ ಅಂತ ಕಣ್ಣಿಗೆ ಕಾಣಬೇಕಾದರೆ ಕನ್ನಡ ಓದೋಕೆ ಬರಬೇಕಲ್ಲ! ಇವತ್ತು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆ ಎಲ್ಲರಿಗೂ ಕನ್ನಡ ಪುಟ ಬೇಕು. ಎಷ್ಟೋ ಕಚೇರಿಗಳಲ್ಲಿ ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡಿಗೆ ಬರೋದೇ ಬಾಕಿ ಇದೆ. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದು ಇಂಟರ್‌ವ್ಯೂನಲ್ಲಿ ಮುಚ್ಚಿಡೋ ವಿಷಯ ಅಂತ ನಮ್ಮ ಮಕ್ಕಳು ತಿಳ್ಕೊಂಡಿದ್ದಾರೆ. ಈ ಕೆಲಸದಲ್ಲಿ ಅದನ್ನ ಮೊದಲ ಸಾಲಲ್ಲೇ ಹೇಳಬಹುದು.

ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿ ಕೇಳೋ ಹಾಗೆ ಪುಟ ಮಾಡೋ ವಿದ್ಯೆಯೂ ಇಂಥದ್ದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನ ಕೇಳಿತ್ತು, ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತಲೇ ಹೇಳಿಬಿಟ್ಟಿದೆ. ಇದನ್ನ ಬಲ್ಲೋರ ಹುಡುಕಾಟ ಈಗ ಶುರುವಾಗಬೇಕು.

ಶುಕ್ರವಾರ ಬೆಳಗ್ಗೆ ಕ್ಯಾಬಲ್ಲಿ ಕೂತವನೇ "ಸಹಿ ಹಾಕಬೇಡಿ ಅಣ್ಣಾ" ಅಂದೆ. ಸಂಜೆ ಮಗ ಆಫೀಸಿಗೆ ಬಂದ. ನಮ್ಮ ಹುಡುಗಿ ಅವನನ್ನ ಎರಡು ಗಂಟೆ ಕೂರಿಸ್ಕೊಂಡಳು. ಆರು ತಿಂಗಳಲ್ಲಿ ಮೂರು ನಿಜವಾದ ಸೈಟು ಮಾಡು, ಗಿಟ್‌ಹಬ್‌ನಲ್ಲಿ ಹಾಕು, ಅಲ್ಲಿ ಸೈಟ್ ಇಡೋಕೂ ಕಾಸು ಬೇಡ, ಇಂಟರ್‌ವ್ಯೂನಲ್ಲಿ ಬಾಯಿ ಬದಲು ಲಿಂಕ್ ತೋರಿಸು ಅಂದಳಂತೆ. ಜೊತೆಗೆ ವರ್ಡ್‌ಪ್ರೆಸ್ ಕಲಿ ಅಂತಲೂ ಹೇಳಿದಳು. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಅದರ ಮೇಲೇ ನಿಂತಿವೆ, ಬೀದಿಯ ಡೆಂಟಿಸ್ಟು, ಛತ್ರದೋರು ಕೊಡೋ ಸಣ್ಣ ಕೆಲಸ ಎಲ್ಲ ಅದರಲ್ಲೇ.

ಐದು ತಿಂಗಳಾಯ್ತು. ಕೆಲಸ ಇನ್ನೂ ಸಿಕ್ಕಿಲ್ಲ, ಸುಳ್ಳು ಹೇಳಲ್ಲ. ಎರಡು ಸೈಟ್ ಆಗಿವೆ. ಒಂದು ಅವರ ಬೀದಿಯ ಟೈಲರ್‌ದು, ಎಂಟು ಸಾವಿರ ಕೊಟ್ಟನಂತೆ. ಇನ್ನೊಂದು ಅಪ್ಪನ ಕ್ಯಾಬ್ ಬುಕಿಂಗಿಂದು. ಮೊನ್ನೆ ಲಿಂಕ್ ಕಳಿಸಿದ್ದ. ಏರ್‌ಪೋರ್ಟ್, ಮೈಸೂರು, ಧರ್ಮಸ್ಥಳ ಅಂತ ದರಪಟ್ಟಿ. ನಾನು ಮೊದಲು ನೋಡಿದ್ದು ಧರ್ಮಸ್ಥಳದ ಒತ್ತಕ್ಷರ. ಪೂರ್ತಿ ಕಾಣಿಸ್ತಿತ್ತು. ಬರೋ ಸೋಮವಾರ ರಾಜಾಜಿನಗರದಲ್ಲಿ ಒಂದು ಸಣ್ಣ ಏಜೆನ್ಸಿಯಲ್ಲಿ ಇಂಟರ್‌ವ್ಯೂ ಇದೆಯಂತೆ. ಅವನನ್ನ ಅಲ್ಲಿಗೆ ಬಿಡಬೇಕು, ಅವತ್ತೊಂದು ದಿನ ನನ್ನ ಡ್ಯೂಟಿಗೆ ಬೇರೆ ಗಾಡಿ ಹೇಳ್ಲಾ ಸಾರ್ ಅಂತ ಅಪ್ಪ ಕೇಳಿದ್ದಾರೆ.